ಹುಲ್ಲು ಏಳುವ ದಿನ

ಇರುವೆಗಳು ಹೊರಟವು ಎಂದು ಮೊದಲು ಕೂಗಿ ಹೇಳಿದವಳು ಎದುರುಮನೆಯ ಲಿಲ್ಲಿಬಾಯಿ. ನಾನು ಒಲೆಯ ಮೇಲೆ ಸಾರಿಗಿಟ್ಟು ಕೊತ್ತಂಬರಿ ಹೆಚ್ಚುತ್ತಿದ್ದೆ. ಸೊಪ್ಪನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು ಹೊರಗೆ ಓಡಿ ಬಂದು ನೋಡಿದರೆ, ನಿಜ. ನಮ್ಮ ಹುಲ್ಲುಹಾಸಿನ ಒಳಗಿನಿಂದ ಕೆಂಪಿರುವೆಗಳ ಸಾಲೊಂದು ಬಿಳಿ ಮೊಟ್ಟೆಗಳನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿ ಗೋಡೆಯ ಬಿರುಕು ಸೇರುತ್ತಿತ್ತು. ಇರುವೆಗಳು ಹುಲ್ಲು ಬಿಟ್ಟವೆಂದರೆ ಮರುದಿನ ಬೆಳಿಗ್ಗೆ ಹುಲ್ಲು ಏಳುತ್ತದೆ. ಇದು ಯಾವ ವರ್ಷವೂ ತಪ್ಪಿದ್ದಿಲ್ಲ.

ಬೇರೆ ಊರುಗಳಲ್ಲಿ ಮನೆಯ ಮುಂದಿನ ಹುಲ್ಲು ಹಾಸಿದಲ್ಲೇ ಇರುತ್ತದೆ. ಮದುವೆಯಾಗಿ ಇಲ್ಲಿಗೆ ಬರುವವರೆಗೆ ನಾನೂ ಅಂಥದ್ದನ್ನೇ ನೋಡಿದವಳು. ಇಲ್ಲಿ ಹಾಗಲ್ಲ. ಸೆಕೆ ಏರಿ ಏರಿ, ಒಗೆದ ಬಟ್ಟೆ ಒಣಗದೆ ವಾಸನೆ ಹೊಡೆದು, ಡಬ್ಬಿಯೊಳಗಿನ ಉಪ್ಪು ನೀರಾಗಿ, ಮೊದಲ ಮಳೆ ಇನ್ನೇನು ಬಿತ್ತು ಎನ್ನುವ ಹೊತ್ತಿಗೆ, ಒಂದು ಬೆಳಿಗ್ಗೆ ಊರಿನ ಅಷ್ಟೂ ಹುಲ್ಲುಹಾಸುಗಳು ಎದ್ದು, ಗೇಟು ದಾಟಿ, ಬೇರೆ ಮನೆ ಹುಡುಕಿಕೊಳ್ಳುತ್ತವೆ. ಯಾವುದು ಎಲ್ಲಿಗೆ ಹೋಗುತ್ತದೆಂದು ಹೇಳಲು ಬರುವುದಿಲ್ಲ. ಕರೆಯುವಂತಿಲ್ಲ, ತಡೆಯುವಂತಿಲ್ಲ. ಬಂದದ್ದನ್ನು ಮುಂದಿನ ಸೆಕೆಗಾಲದವರೆಗೆ ಸಾಕಬೇಕು. ಹೋದದ್ದರ ಮೇಲೆ ಹಕ್ಕಿಲ್ಲ. ಇನ್ನೊಬ್ಬರ ಅಂಗಳದಲ್ಲಿ ಅದನ್ನು ಕಂಡರೆ ಕಾಣದವರಂತೆ ಮುಂದೆ ನಡೆಯಬೇಕು. ಅದರ ಮೇಲೆ ಮತ್ತೆ ಕಾಲಿಡಬಾರದು. ಒಂದೇ ಮನೆಯಲ್ಲಿ ಎರಡನೆಯ ವರ್ಷ ಉಳಿದ ಹುಲ್ಲನ್ನು ಯಾರೂ ಕಂಡಿಲ್ಲ.

ಕೆಲವು ಮನೆಗಳಿಗೆ ಏನೂ ಬರುವುದಿಲ್ಲ. ನಮ್ಮದು ಬಹಳ ಕಾಲ ಅಂಥ ಮನೆಯಾಗಿತ್ತು. ಪ್ರತಿ ವರ್ಷ ಗೇಟು ತೆಗೆದಿಟ್ಟು ಕಾಯುತ್ತಿದ್ದೆವು, ಪ್ರತಿ ವರ್ಷ ಕೆಮ್ಮಣ್ಣಿನ ಅಂಗಳ ಹಾಗೇ ಉಳಿಯುತ್ತಿತ್ತು. ಅತ್ತೆ ಅದಕ್ಕೆ ನನ್ನನ್ನೂ ಬೈಯಲಿಲ್ಲ, ದೇವರನ್ನೂ ಬೈಯಲಿಲ್ಲ, ಕಿರುಗುಟ್ಟುವ ಗೇಟನ್ನು ಬೈದರು. ಹೋದ ವರ್ಷ ಎಲ್ಲರೂ ಗೇಟು ಹಾಕಿಕೊಂಡು ಊಟಕ್ಕೆ ಕುಳಿತ ಮೇಲೆ ಒಂದು ಹುಲ್ಲುಹಾಸು ತೆವಳಿಕೊಂಡು ನಮ್ಮಲ್ಲಿಗೆ ಬಂತು. ಮೈತುಂಬ ಸೀದ ದೋಸೆಯಂಥ ಕಂದು ಮಚ್ಚೆಗಳು. ಮುಟ್ಟಿದರೆ ಕೊಳೆತ ವಾಸನೆ. ಯಾರೋ ಅದಕ್ಕೆ ಸಂಜೆ ಸಂಜೆ ನೀರು ಹೊಯ್ದು, ಈ ಸೆಕೆಯಲ್ಲಿ ರಾತ್ರಿಯಿಡೀ ಒದ್ದೆಯಲ್ಲೇ ಇರಿಸಿ, ಬೂಸಲು ಹಿಡಿಸಿದ್ದರು. ಬೀದಿಯವರು ನಕ್ಕರು. ನನ್ನ ಗಂಡ ವಾಮನರಾಯರು ಪೇಪರಿನಿಂದ ತಲೆಯೆತ್ತಿ, "ಬಂತಲ್ಲ," ಎಂದರು. ಅವರು ಅಷ್ಟು ಮಾತಾಡಿದ್ದೇ ಹೆಚ್ಚು.

ನಾನು ಮೊಣಕಾಲೂರಿ ಕುಳಿತೆ. ಆಮೇಲಿನ ತಿಂಗಳುಗಳನ್ನೆಲ್ಲ ಹಾಗೆ ಕುಳಿತೇ ಕಳೆದೆ ಎನ್ನಬಹುದು. ನೀರು ಬೆಳಗಿನ ಜಾವ ಮಾತ್ರ, ಬಿಸಿಲೇರುವಷ್ಟರಲ್ಲಿ ಗರಿ ಆರಬೇಕು. ಕತ್ತರಿಯನ್ನು ವಾರವಾರ ಸಾಣೆ ಹಿಡಿಸಿದೆ. ಮೊಂಡು ಅಲಗು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ, ಹರಿದಲ್ಲಿ ಬೂಸಲು ಕೂರುತ್ತದೆ. ತುದಿಯನ್ನಷ್ಟೇ ತೆಗೆದೆ, ಬುಡದವರೆಗೆ ಎಂದೂ ಹೋಗಲಿಲ್ಲ. ಮುರಿದ ಕೊಡೆಯ ಕಡ್ಡಿಯಿಂದ ನೆಲಕ್ಕೆ ತೂತು ಹೊಡೆದು ಜರಡಿಯಾಡಿದ ಮರಳು ತುಂಬಿದೆ. ಬೇವಿನ ಹಿಂಡಿ ನೆನೆಸಿದ ನೀರು, ಹುಳಿ ಮಜ್ಜಿಗೆ ಚಿಮುಕಿಸಿದೆ. "ಹುಲ್ಲಿಗೆ ಗಟ್ಟಿ ಮಜ್ಜಿಗೆ, ನನಗೆ ನೀರು ಮಜ್ಜಿಗೆ," ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಮಚ್ಚೆಗಳು ಅಂಚಿನಿಂದ ಒಳಗೆ ಕುಗ್ಗುತ್ತ ಬಂದವು. ಒಂದು ಬೆಳಿಗ್ಗೆ ಅಂಗೈ ಊರಿದರೆ ಅಡಿಯಿಂದ ಹುಲ್ಲು ಮೆತ್ತಗೆ ಒತ್ತಿ ಕೈಯನ್ನು ಮೇಲಕ್ಕೆತ್ತಿತು. ನಾನು ಅತ್ತೆಯ ಕಡೆ, ಗಂಡನ ಕಡೆ ನೋಡಿದೆ. ಅವರು ತಮ್ಮ ತಮ್ಮ ಕಾಫಿಯಲ್ಲಿದ್ದರು. ಇದನ್ನು ಯಾರಿಗೆ ಹೇಳುವುದು? ಬೇಯಿಸಿದ್ದು ಉಂಡು ಹೋಗುತ್ತದೆ, ಗುಡಿಸಿದ್ದು ಮರುದಿನ ಮತ್ತೆ ಕಸವಾಗುತ್ತದೆ. ನಾನು ಮಾಡಿದ ಕೆಲಸ ಉಳಿದು, ಬೆಳೆದು, ನನ್ನ ಕೈಯನ್ನೇ ತಿರುಗಿ ಮುಟ್ಟಿದ್ದು ಜೀವನದಲ್ಲಿ ಅದೇ ಮೊದಲು. ಆ ಸಂತೋಷವನ್ನು ಒಬ್ಬಳೇ ಇಟ್ಟುಕೊಂಡೆ.

ಈಗ ಅದು ಬೀದಿಗೇ ಚೆಂದದ ಹುಲ್ಲು. ಹೋಗುವವರು ಬರುವವರು ಗೇಟಿನ ಸರಳು ಹಿಡಿದು ನಿಲ್ಲುತ್ತಿದ್ದರು. ಲಿಲ್ಲಿಬಾಯಿಯಂತೂ ಮುಚ್ಚುಮರೆಯಿಲ್ಲದೆ ಆಸೆಪಟ್ಟವಳು. ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತಿಯಾಗಿ ಒಬ್ಬಳೇ ಇರುವ ಹೆಂಗಸು. ಹೋದ ವರ್ಷ ಅವಳ ಅಂಗಳಕ್ಕೆ ಏನೂ ಬಂದಿರಲಿಲ್ಲ. ದಿನಾ ಗೇಟಿನ ಸಂದಿಯಿಂದ ಕೈ ತೂರಿಸಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ನಮ್ಮ ಹುಲ್ಲಿನ ಅಂಚು ಮುಟ್ಟಿ, "ಬಿಸಿ ಇದೆ ಪದ್ಮಾಕ್ಷಿಯಕ್ಕ, ಇವತ್ತು ಕತ್ತರಿ ಹಾಕ್ಬೇಡಿ," ಎಂದು ಹೇಳಿ ಹೋಗುತ್ತಿದ್ದಳು. ಅವಳು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಅದಕ್ಕೇ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಇರುವೆ ಹೊರಟ ದಿನ ಊರಿನಲ್ಲಿ ಒಬ್ಬರ ಕಾಲೂ ನಿಂತಲ್ಲಿ ನಿಲ್ಲುವುದಿಲ್ಲ. ಗೇಟಿನ ತಿರುಗುಣಿಗೆ ಎಣ್ಣೆ, ಖಾಲಿ ಅಂಗಳಗಳಿಗೆ ಹೊಸ ಗೊಬ್ಬರ, ಬಸ್ಸಿನವರಿಗೆ ನಾಳೆ ಬೀದಿಗೆ ಬರಬೇಡಿ ಎಂದು ಸುದ್ದಿ. ಎಲ್ಲ ಮನೆಗಳಲ್ಲೂ ಸನಿಕೆ ಹಿಡಿದು ಅಂಚು ಬಿಡಿಸುತ್ತಾರೆ. ಗೋಡೆಗೆ, ಕಲ್ಲಿಗೆ, ಗಿಡದ ಬುಡಕ್ಕೆ ಅಂಟಿಕೊಂಡ ಹುಲ್ಲನ್ನು ಸುತ್ತಲೂ ಕೊಯ್ದು ಸಡಿಲ ಮಾಡದಿದ್ದರೆ ಏಳುವಾಗ ಅದು ಹರಿಯುತ್ತದೆ. ಏಳಲಾರದೆ ಉಳಿದ ಹುಲ್ಲು ಸಂಜೆಯೊಳಗೆ ಹಳದಿಯಾಗಿ ಸಾಯುತ್ತದೆ. ಅಂಥ ಮನೆಗೆ ಮತ್ತೆ ಯಾವುದೂ ಬರುವುದಿಲ್ಲ ಎನ್ನುತ್ತಾರೆ.

ಇದೆಲ್ಲ ಗೊತ್ತಿದ್ದೂ ನಾನು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಒಂದು ಮೊಳದಷ್ಟು ಅಂಚನ್ನು ಬಿಡಿಸದೆ ಬಿಟ್ಟೆ. ಕಟ್ಟಿಹಾಕುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ. ನೆಂಟರು ಹೊರಟು ನಿಂತಾಗ ಅವರ ಚೀಲ ಅಡಗಿಸಿಡುತ್ತೇವೆ, ಮಕ್ಕಳ ಚಪ್ಪಲಿ ಬಚ್ಚಿಡುತ್ತೇವೆ. ಅದು ಬಲವಂತವಲ್ಲ, ಇನ್ನೊಂದು ದಿನ ಇದ್ದು ಹೋಗಿ ಎಂದು ಹೇಳುವ ರೀತಿ. ಹಾಗೆ ಹೇಳದಿದ್ದರೆ ಬಂದವರಿಗೇ ಬೇಸರವಾಗುತ್ತದೆ. ಹುಲ್ಲಿಗೂ ಒಮ್ಮೆ ಯಾರಾದರೂ ಇರು ಎಂದು ಹೇಳಬೇಡವೇ? ಯಾರೂ ಹೇಳದ್ದಕ್ಕೇ ಅದು ಹೋಗುತ್ತಿರಬಹುದು. ಸನಿಕೆ ತೊಳೆದು ಗೋಡೆಗೆ ಒರಗಿಸುವಾಗ ನನ್ನ ಎದೆ ಓಡಿಹೋಗಿ ಮದುವೆಯಾಗಲು ಹೊರಟ ಹುಡುಗಿಯದರಂತೆ ಹೊಡೆದುಕೊಳ್ಳುತ್ತಿತ್ತು.

ಬೆಳಿಗ್ಗೆ ಎದ್ದಾಗ ಗಾಳಿ ಒಂದಿಷ್ಟೂ ಇರಲಿಲ್ಲ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಮತ್ತೆ ಬೆವರು. ಅತ್ತೆ ಆಗಲೇ ಜಗಲಿಯಲ್ಲಿ ಕುಳಿತಿದ್ದರು, ಕೂದಲು ಬಿಚ್ಚಿ ಹರಡಿಕೊಂಡು. ಎಂಬತ್ತು ದಾಟಿದ ಮೇಲೂ ಚೌರಿ ಸೇರಿಸಿ, ಹಿಡಿ ತುಂಬ ಪಿನ್ನು ಚುಚ್ಚಿ ತುರುಬು ಕಟ್ಟದೆ ಹೊರಗೆ ಬರದ ಹೆಂಗಸು. ಏನತ್ತೆ ಎಂದು ಕೇಳಿದರೆ, ಎಣ್ಣೆ ಹಚ್ಚಿದ್ದೇನೆ, ಒಣಗಲಿ ಎಂದರು. ಈ ಸೆಕೆಯಲ್ಲಿ ಎಣ್ಣೆ ಒಣಗುವುದೆಲ್ಲಿ ಬಂತು? ವಾಮನರಾಯರು ಇಸ್ತ್ರಿ ಅಂಗಿ ತೊಟ್ಟು ಮೆಟ್ಟಿಲ ಕೆಳಗೆ ನಿಂತಿದ್ದರು. ದಿನಾ ಪೇಪರು ಓದುವ ಅವರ ಕುರ್ಚಿ ಜಗಲಿಯ ಮೇಲಿತ್ತು. ಹುಲ್ಲು ಬಂದ ಮೇಲೆ ವರ್ಷವಿಡೀ ಅವರು ಅದನ್ನು ಮೊದಲಿನ ಹಾಗೆ ಅಂಗಳಕ್ಕೆ ಇಳಿಸಿರಲೇ ಇಲ್ಲ ಎಂಬುದು ನನಗೆ ಆಗ ಹೊಳೆಯಿತು, ಯಾಕೆಂದು ಹೊಳೆಯಲಿಲ್ಲ.

ಕೆಳಬೀದಿಯಿಂದ ಸದ್ದು ಬಂತು. ಗಂಜಿ ಹಾಕಿದ ನೂರಾರು ಸೀರೆಗಳನ್ನು ಒಟ್ಟಿಗೆ ಕೊಡವಿದ ಹಾಗೆ. ಎದ್ದವು, ಎದ್ದವು ಎಂಬ ಮಾತು ಮನೆಯಿಂದ ಮನೆಗೆ ಹಾರಿ ಬಂತು. ಗೇಟಿಗೆ ಓಡಿದೆ. ಬೀದಿಯ ತಿರುವಿನಲ್ಲಿ ಮೊದಲನೆಯದು ಕಾಣಿಸಿಕೊಂಡಿತು, ಅಂಚುಗಳನ್ನು ಅಲ್ಲಾಡಿಸುತ್ತ, ಅಡಿಯ ಬೇರುಗಳಿಂದ ಮಣ್ಣು ಉದುರಿಸುತ್ತ, ಲೈಟು ಕಂಬ ಎದುರಾದಾಗ ಸೊಂಟ ತಿರುಗಿಸಿ ಪಕ್ಕಕ್ಕೆ ಸರಿದು. ಅದರ ಹಿಂದೆ ಇನ್ನೊಂದು, ಮತ್ತೊಂದು. ರಸ್ತೆಯೆಲ್ಲ ಹಸಿರು. ಹಸಿ ಮಣ್ಣಿನ ವಾಸನೆಗೆ ತಲೆ ತಿರುಗುವಂತಾಯಿತು. ಮೈನಾಗಳು ಎರೆಹುಳುವಿನ ಆಸೆಗೆ ಮೆರವಣಿಗೆಯ ಹಿಂದೆ ಕುಪ್ಪಳಿಸುತ್ತಿದ್ದವು. ಪ್ರತಿ ಜಗಲಿಯಲ್ಲೂ ಜನ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು, ಕರೆದುಬಿಟ್ಟೇವು ಎಂಬ ಹೆದರಿಕೆಗೆ. ಎಷ್ಟು ವರ್ಷ ನೋಡಿದರೂ ಆ ಹೊತ್ತಿಗೆ ನನ್ನ ಕಣ್ಣು ತುಂಬುತ್ತದೆ, ಕಾಲು ಕುಣಿಯುತ್ತದೆ.

ಆಗ ನಮ್ಮದು ಎದ್ದಿತು. ನಡುವೆ ಪೂರಿಯಂತೆ ಉಬ್ಬಿ, ಉಸಿರು ಬಿಟ್ಟು, ಗೇಟಿನ ಕಡೆಯ ಅಂಚನ್ನು ಮೊದಲು ಎತ್ತಿತು. ಇಬ್ಬನಿ ಚಿಮ್ಮಿ ನನ್ನ ಮುಖಕ್ಕೆ ಬಿತ್ತು. ಮುಂದಿನ ಅಂಚು ನನ್ನ ಪಾದದ ಮೇಲಿಂದ ಹಾದು ಗೇಟಿನ ಹೊಸ್ತಿಲು ಮುಟ್ಟಿತು. ಅಲ್ಲಿ ಒಮ್ಮೆ ಜಗ್ಗಿ ನಿಂತಿತು.

ಇರುತ್ತದೆ ಎಂದುಕೊಂಡೆ. ಒಂದು ಗಳಿಗೆ ಅಷ್ಟೇ. ಮತ್ತೆ ಜಗ್ಗಿತು. ಮನೆಯ ಪಕ್ಕದಿಂದ ಹಳೆಯ ಬಟ್ಟೆ ಹರಿಯುವಂಥ ಶಬ್ದ ಬಂತು. ಹುಲ್ಲಿನ ನಡುವೆ ಉದ್ದಕ್ಕೆ ಸುಕ್ಕು ಬಿತ್ತು. ಗರಿಗಳ ತುದಿ ನೋಡುತ್ತಿದ್ದಂತೆ ಬಿಳಿಚಿಕೊಂಡವು. ನೆಂಟರ ಸೆರಗು ಹಿಡಿದೆಳೆದರೆ ಅವರು ನಗುತ್ತಾರೆ. ಇದು ನಗುತ್ತಿರಲಿಲ್ಲ.

ಸನಿಕೆ ಎತ್ತಿಕೊಂಡು ಒಗೆಯುವ ಕಲ್ಲಿನ ಹಿಂದೆ ಓಡಿದೆ. ಗಡಿಬಿಡಿಯಲ್ಲಿ ಗೋಡೆಯ ಬದಿಗೆ ಕೊಯ್ಯಬೇಕಾದದ್ದನ್ನು ಈಚೆಗೆ ಕೊಯ್ದೆ. ಚಾಪೆಯ ಮೂಲೆಯಷ್ಟು ಹುಲ್ಲು ಗೋಡೆಗೇ ಅಂಟಿ ಉಳಿಯಿತು, ಉಳಿದದ್ದು ಚಿಮ್ಮಿ ಬಿಡಿಸಿಕೊಂಡಿತು. ಅಬ್ಬ ಎಂದು ತಿರುಗಿದರೆ ಅದು ಇನ್ನೂ ಗೇಟಿನಲ್ಲೇ ಜಗ್ಗುತ್ತಿದೆ.

ಎಲ್ಲಿ ಸಿಕ್ಕಿಕೊಂಡಿದೆ ಎಂದು ಅಂಚಿಗುಂಟ ಓಡಿದೆ. ಮಲ್ಲಿಗೆ ಚಪ್ಪರದ ಕೆಳಗೆ ಅತ್ತೆ ಮೊಣಕಾಲೂರಿ ಕುಳಿತಿದ್ದರು. ಬಗ್ಗಿ ಒಂದು ಚಮಚ ಎತ್ತಿಕೊಳ್ಳಲು ನನ್ನನ್ನು ಕೂಗುವವರು. ಬಿಳಿ ಕೂದಲು ಮುಖದ ಮೇಲೆ ಬಿದ್ದಿತ್ತು. ಅಂಚಿನ ಉದ್ದಕ್ಕೂ ಹೊಲಿಗೆ ಹಾಕಿದ ಹಾಗೆ ಅವರ ತುರುಬಿನ ಪಿನ್ನುಗಳು. ಹಳೆಯವು, ಹೊಸವು, ಡಬ್ಬಿಯಲ್ಲಿ ಕೂಡಿಟ್ಟವು, ಎಲ್ಲವೂ ಹುಲ್ಲನ್ನು ನೆಲಕ್ಕೆ ಚುಚ್ಚಿ ಹಿಡಿದಿದ್ದವು.

"ನೋಡ್ತಾ ನಿಂತೆಯಲ್ಲೇ. ಕೈ ಹಾಕು," ಎಂದರು ಅತ್ತೆ. "ಹಾಕೋವಾಗ ಸಲೀಸಾಗಿ ಹೋದ್ವು. ಈಗ ಬರ್ತಿಲ್ಲ."

ನಾನೂ ಕುಳಿತೆ. ಇಬ್ಬರೂ ಉಗುರು ಹಾಕಿ ಕಿತ್ತೆವು. ಒಂದು ಪಿನ್ನು ಬಗ್ಗಿತು, ಒಂದು ನನ್ನ ಬೆರಳಿಗೆ ಚುಚ್ಚಿತು. ಕೆಲವು ಹುಲ್ಲಿನ ಜೊತೆಗೇ ಮೇಲೆದ್ದು ಅದರ ಮೈಯಲ್ಲೇ ಸಿಕ್ಕಿಕೊಂಡವು.  ಅತ್ತೆ ನನ್ನ ಸನಿಕೆಯನ್ನು ನೋಡಿ, ಕಲ್ಲಿನ ಕಡೆ ನೋಡಿ, ಮುಂದಿನ ಪಿನ್ನಿಗೆ ಕೈ ಹಾಕಿದರು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೆವು. ಅವರ ಕೂದಲಿನ ಎಣ್ಣೆಯ ವಾಸನೆ ಅಷ್ಟು ಹತ್ತಿರದಿಂದ ನನಗೆ ಬಂದದ್ದು ಅಂದೇ.

ಆ ಬದಿಯೂ ಬಿಟ್ಟುಕೊಂಡಿತು. ಹುಲ್ಲು ಮುಂದೆ ಒಂದು ಗೇಣು ಸರಿದು ಮತ್ತೆ ನಿಂತಿತು.

ನಾವಿಬ್ಬರೂ ಒಟ್ಟಿಗೆ ಮೆಟ್ಟಿಲ ಕಡೆ ತಿರುಗಿ ನೋಡಿದೆವು. ವಾಮನರಾಯರು ಅಲ್ಲೇ ಇದ್ದರು. ಬೆಳಿಗ್ಗೆಯಿಂದ ಅಲ್ಲೇ ಇದ್ದರು. ಬೀದಿಯ ಅಷ್ಟು ಗದ್ದಲದಲ್ಲಿ ಒಬ್ಬರೇ ಅಲುಗಾಡದೆ, ಇಸ್ತ್ರಿ ಅಂಗಿ ಬೆವರಿಗೆ ಬೆನ್ನಿಗಂಟಿ, ಎರಡೂ ಕಾಲುಗಳನ್ನು ಹುಲ್ಲಿನ ಅಂಚಿನ ಮೇಲೆ ಬಲವಾಗಿ ಊರಿ, ಆಕಾಶ ನೋಡುತ್ತ ನಿಂತಿದ್ದರು.

"ರೀ," ಎಂದೆ. "ಕಾಲು ತೆಗೀರಿ."

ಅವರು ಕೆಳಗೆ ನೋಡಿಕೊಂಡರು. ತಮಗೆ ಗೊತ್ತಿರಲಿಲ್ಲ ಎನ್ನುತ್ತಾರೇನೋ ಎಂದು ಕಾದೆ. ಹಾಗೆ ಹೇಳಿದ್ದರೆ ನಾನು ನಂಬಿದಂತೆ ನಟಿಸುತ್ತಿದ್ದೆ.

"ತೆಗೀಬೇಕು ಅಂತ ಗೊತ್ತು," ಎಂದರು. "ಆಗ್ತಿಲ್ಲ ಪದ್ಮಾ."

ಅವರು ನನ್ನನ್ನು ಹೆಸರು ಹಿಡಿದು ಕರೆದು ಎಷ್ಟು ಕಾಲವಾಗಿತ್ತೋ. ಹುಲ್ಲು ಮತ್ತೆ ಜಗ್ಗಿತು. ಅತ್ತೆ ನನ್ನ ಭುಜ ಹಿಡಿದು ಎದ್ದು ಹೋಗಿ, ಮಗ ಚಿಕ್ಕವನಿದ್ದಾಗ ಚಪ್ಪಲಿ ತೊಡಿಸುತ್ತಿದ್ದ ಹಾಗೆ ಅವರ ಕಾಲಿನ ಹತ್ತಿರ ಬಗ್ಗಿದರು. "ಎತ್ತಪ್ಪ ವಾಮನ. ಇದೊಂದು. ಹಾಂ, ಈಗ ಅದು."

ಒಂದು ಕಾಲು ಎದ್ದಿತು. ಆಮೇಲೆ ಇನ್ನೊಂದು. ಅವರ ಎರಡು ಪಾದಗಳ ಗುರುತು ಹುಲ್ಲಿನ ಮೇಲೆ ಆಳವಾಗಿ ಒತ್ತಿತ್ತು. ಹುಲ್ಲುಹಾಸು ಒಮ್ಮೆ ಮೈಮುರಿದು, ಸುಕ್ಕು ಬಿಡಿಸಿಕೊಂಡು, ನೀರು ತೂಬು ದಾಟುವಂತೆ ಗೇಟು ದಾಟಿತು. ನಾವು ಮೂವರೂ ಅದರ ಹಿಂದೆ ಓಡಿದೆವು. ಓಡಬಾರದೆಂದು ಇದೆ, ಆದರೂ ಓಡಿದೆವು. ಅತ್ತೆಯ ಬಿಚ್ಚಿದ ಕೂದಲು, ನನ್ನ ಕೈಯಲ್ಲಿ ಸನಿಕೆ, ಇವರ ಬರಿಗಾಲು. ಬೀದಿಯವರು ಹುಲ್ಲು ಬಿಟ್ಟು ನಮ್ಮನ್ನೇ ನೋಡಿದರು. ನನಗೆ ನಗು ಬಂತು. ಅತ್ತೆಗೂ ಬಂತು.

ರಸ್ತೆಯ ನಡುವೆ ಅದು ಸ್ವಲ್ಪ ತಡೆಯಿತು. ಎರಡು ದೊಡ್ಡ ಹುಲ್ಲುಹಾಸುಗಳು ಹಾದುಹೋಗಲು ದಾರಿ ಬಿಟ್ಟು, ನೇರವಾಗಿ ಲಿಲ್ಲಿಬಾಯಿಯ ಗೇಟಿನೊಳಗೆ ಹೋಯಿತು. ಅವಳು ಕುಣಿಯುತ್ತಾಳೆ, ನನ್ನ ಕಡೆ ನೋಡಿ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಮೆಟ್ಟಿಲ ಮೇಲೆ ಕುಸಿದು ಕುಳಿತು ಕೈಯ ಹಿಂಬದಿಯನ್ನು ಹುಲ್ಲಿಗೆ ಒತ್ತಿ ಕಣ್ಣು ಮುಚ್ಚಿಕೊಂಡಳು.

ನಮ್ಮ ಅಂಗಳ ಬರಿದಾಗಿತ್ತು. ಒಗೆಯುವ ಕಲ್ಲಿನ ಹಿಂದೆ ಹರಿದುಳಿದ ಮೂಲೆಯೊಂದೇ ಹಸಿರು. ಹರಿದು ಕಳಿಸಿದ ಮನೆಗೆ ಇನ್ನು ಯಾವುದು ಬರುತ್ತದೆ? ಒಬ್ಬೊಬ್ಬರಾಗಿ ಬೀದಿಯವರು ಗೇಟು ಮುಚ್ಚಿಕೊಂಡರು. ನಾನೂ ಮುಚ್ಚಲು ಹೋದರೆ ಅತ್ತೆ, ಇರಲಿ ಬಿಡು, ಗೇಟಿಗೆ ಎಣ್ಣೆ ಹಾಕಿದ್ದು ದಂಡವಾಗುತ್ತೆ ಎಂದರು. ಮೂವರೂ ಜಗಲಿಯಲ್ಲಿ ಸಾಲಾಗಿ ಕುಳಿತೆವು. ಹೋದ ಹುಲ್ಲಿನ ಮಾತಾಡಬಾರದು. ನಾವು ಅದನ್ನೇ ಆಡಿದೆವು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಿಟಕಿಯಿಂದ ಟಾರ್ಚು ಬಿಟ್ಟು ಮಚ್ಚೆ ಎಷ್ಟು ಕುಗ್ಗಿತೆಂದು ನೋಡುತ್ತಿದ್ದೆ ಎಂದರು ಇವರು. ನೀನು ಮಜ್ಜಿಗೆ ಮರೆತ ದಿನ ನನ್ನ ಲೋಟದ್ದು ಚೆಲ್ಲಿದ್ದೇನೆ ಎಂದರು ಅತ್ತೆ. ನಾನು ಒಬ್ಬಳೇ ಸಾಕಿದೆ ಎಂದುಕೊಂಡ ಹುಲ್ಲು ಅದು.

ಮೊದಲ ಹನಿ ಬೀಳುವ ಹೊತ್ತಿಗೆ ಗೇಟಿನಲ್ಲಿ ಏನೋ ಸರಿದಾಡಿತು. ಬಂದದ್ದು ಹೋದ ವರ್ಷದ್ದಕ್ಕಿಂತಲೂ ಕಡೆ. ಮೈತುಂಬ ಜೇಕಿನ ಕಳೆ ತಲೆಯೆತ್ತಿ ಹುಲ್ಲಿಗಿಂತ ಎತ್ತರ ನಿಂತಿತ್ತು. ಮೊಂಡು ಅಲಗಿಗೆ ಸಿಕ್ಕಿ ಗರಿಗಳ ತುದಿಯೆಲ್ಲ ಬಿಳಿ ನೂಲಾಗಿ ಸೀಳಿತ್ತು. ಹೊಸ್ತಿಲಲ್ಲಿ ನಿಂತು, ಹರಿದ ಮೂಲೆಯನ್ನು ನೋಡಿತೋ ಏನೋ, ಸ್ವಲ್ಪ ಅನುಮಾನಿಸಿ, ಒಳಗೆ ಬಂದು ಧೊಪ್ಪನೆ ಬಿದ್ದುಕೊಂಡಿತು. ಈ ಸಲ ನನಗಿಂತ ಮೊದಲು ಇವರು ಇಳಿದು ಮೊಣಕಾಲೂರಿದರು. ಜೇಕನ್ನು ಎಳೆಯಬೇಡಿ, ಗಡ್ಡೆ ಒಳಗೇ ಉಳಿದರೆ ಮತ್ತೆ ಬರುತ್ತದೆ ಎಂದು ನಾನು ಹೇಳುತ್ತಿದ್ದೆ, ಅತ್ತೆ ಕೊಡೆಕಡ್ಡಿ ಎಲ್ಲಿಟ್ಟೆ ಎಂದು ಕೇಳುತ್ತಿದ್ದರು, ಮಳೆ ನಮ್ಮ ಬೆನ್ನ ಮೇಲೆ ಬೀಳುತ್ತಿತ್ತು.

ಆಗಲೇ ಎದುರುಮನೆಯಿಂದ ಲಿಲ್ಲಿಬಾಯಿಯ ದನಿ ಬಂತು. ಹಾಗೆ ಕೇಳಬಾರದೆಂದು ಅವಳಿಗೂ ಗೊತ್ತು. ಅವಳು ತನ್ನ ಗೇಟಿನ ಹತ್ತಿರ ಬಂದು, ಮಳೆಯಲ್ಲಿ ನೆನೆಯುತ್ತ ಕೇಳಿದಳು.

"ಪದ್ಮಾಕ್ಷಿಯಕ್ಕ, ಇದರ ಮೈಯಲ್ಲಿ ಹೇರ್‌ಪಿನ್ನುಗಳಿವೆ. ಯಾರದ್ದು?"

ಬೀದಿಯ ಕಿಟಕಿಗಳೆಲ್ಲ ಕಿವಿಯಾದವು. ಅತ್ತೆ ನಿಧಾನವಾಗಿ ಎದ್ದು ನಿಂತರು.

"ನಂದು ಕಣೇ ಲಿಲ್ಲಿ. ಒಂದೇ ಸಲ ಕೀಳ್ಬೇಡ. ದಿನಕ್ಕೊಂದು ಬಂದು ತಗೋತೀನಿ."

ಲಿಲ್ಲಿಬಾಯಿ ತಿರುಗಿ ಹುಲ್ಲನ್ನು ನೋಡಿದಳು. "ಮತ್ತೆ ಎರಡು ಹೆಜ್ಜೆ ಗುರುತು?"

"ನನ್ನದು," ಎಂದರು ವಾಮನರಾಯರು, ಬೀದಿಯ ಕೊನೆಯವರೆಗೆ ಕೇಳುವ ಹಾಗೆ.

"ಒಂದು ಮೂಲೆ ಕೂಡ ಹರಿದು ಹೋಗಿದೆ," ಎಂದಳು ಅವಳು.

ನಾನು ಒಳಗೆ ಹೋಗಿ ಮೊರ ತಂದೆ. ಒಗೆಯುವ ಕಲ್ಲಿನ ಹಿಂದೆ ಕುಳಿತು, ಉಳಿದ ತುಂಡನ್ನು ಬೇರು ಕಡಿಯದಂತೆ ಮಣ್ಣುಸಮೇತ ಎತ್ತಿ ಮೊರದಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿದೆ. ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿದೆ. ಲಿಲ್ಲಿಬಾಯಿ ಗೇಟಿನಿಂದ ಪಕ್ಕಕ್ಕೆ ಸರಿದು ನಿಂತಿದ್ದಳು. ನಾನು ಚಪ್ಪಲಿ ಹೊರಗೆ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟೆ.